ಬೇಕೆಂದೇ ತಪ್ಪಿದ ಉತ್ತರಗಳು

ಟಾಲ್ಮನ್ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಗುರುವಾರ ಸಂಜೆಯ ಊಟ ಹಾಕುವುದು ಊರಿನ ತಾಯಂದಿರ ಪಾಲಿಗೆ ಬಂದದ್ದು ಯಾವಾಗಿನಿಂದ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ನನ್ನ ಗಂಡ ರಾಯ್ಸ್ ಆಡುತ್ತಿದ್ದಾಗ ನನ್ನ ಅತ್ತೆ ಬಡಿಸುತ್ತಿದ್ದರು. ನಮ್ಮ ಮಗ ಟ್ರೆಂಟ್ ತಂಡ ಸೇರಿದ ಮೇಲೆ ಆ ದೊಡ್ಡ ಪಾತ್ರೆಗಳು ನನ್ನ ಕೈಗೆ ಬಂದವು. ಊಟ ಚರ್ಚಿನ ನೆಲಮಾಳಿಗೆಯಲ್ಲಿ. ಖೀಮಾ ಮತ್ತು ಕಾಳು ಹಾಕಿ ಕುದಿಸಿದ ಚಿಲ್ಲಿ, ಜೊತೆಗೆ ದಾಲ್ಚಿನ್ನಿ ರೋಲ್. ಬೇರೆ ಕಡೆಯಿಂದ ಬಂದ ಹುಡುಗರು ಮೊದಲ ವಾರ ಖಾರದ ಜೊತೆ ಸಿಹಿಯೇ ಎಂದು ಮುಖ ಸಿಂಡರಿಸುತ್ತಾರೆ. ಎರಡನೆಯ ವಾರ ರೋಲನ್ನು ಚಿಲ್ಲಿಯಲ್ಲೇ ಅದ್ದಿ ತಿನ್ನುತ್ತಿರುತ್ತಾರೆ.

ಆ ಆಗಸ್ಟ್‌ನ ಮೊದಲ ಗುರುವಾರ ಐವತ್ತೆರಡು ಹುಡುಗರಿದ್ದರು. ಟ್ರೆಂಟ್‌ಗೆ ಅದು ಕೊನೆಯ ವರ್ಷ, ಅವನೇ ಕ್ಯಾಪ್ಟನ್. ನಮ್ಮ ಕಡೆಯ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಮೈಮೇಲೆ ನುಗ್ಗುವ ಆಟ; ಅವನು ಆಡುತ್ತಿದ್ದುದು ಸಾಲಿನ ನಟ್ಟನಡುವೆ. ಚೆಂಡಿನ ಮೇಲೆ ಬಾಗಿ ನಿಂತು, ಹಿಂದಿನಿಂದ ಕೂಗುವ ಎಣಿಕೆಗೆ ಸರಿಯಾಗಿ ಅದನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಡಬೇಕು. ಕೊಟ್ಟ ಮರುಕ್ಷಣವೇ ಎದುರಿನವನ ಎದೆಗೆ ತಲೆ ಕೊಟ್ಟು ತಡೆಯಬೇಕು. ಅವನು ಚೆಂಡು ಕೊಡದೆ ಆಟ ಶುರುವಾಗುವುದಿಲ್ಲ, ಆದರೂ ಟ್ರೆಂಟ್ ವಿಸರ್ ಎಂಬ ಹೆಸರು ಪೇಪರಿನಲ್ಲಿ ಬರುವುದಿಲ್ಲ. ಅವನಿಗೆ ಅದರ ಬಗ್ಗೆ ಬೇಜಾರಿರಲಿಲ್ಲ.

ಅವತ್ತು ಊಟಕ್ಕೆ ಅವನ ಎದುರಿಗೆ ಡಾಲ್ಟನ್ ಎಂಬ ಹೊಸ ಹುಡುಗ ಕೂತಿದ್ದ. ಹಂದಿ ಸಾಕುವ ಮನೆಯವನು, ಬಾಗಿಲಷ್ಟು ಅಗಲ.

"ಕ್ಯಾಪ್ಟನ್, ನಾಳೆ ಏನೋ ತಲೆ ಪರೀಕ್ಷೆ ಇದೆಯಂತಲ್ಲ. ಓದ್ಕೊಂಡು ಹೋಗ್ಬೇಕಾ?"

"ಓದೋದಲ್ಲ ಗುರು, ಮರೆಯೋದನ್ನ ಕಲ್ತ್ಕೊಂಡು ಹೋಗ್ಬೇಕು" ಎಂದ ಟ್ರೆಂಟ್. ಮೇಜಿಗೆ ಮೇಜೇ ನಕ್ಕಿತು.

"ಕೇಳಿಸ್ಕೊ. ಕಂಪ್ಯೂಟರ್‌ನಲ್ಲಿ ಹನ್ನೆರಡು ಪದ ತೋರಿಸ್ತಾರೆ. ಆಮೇಲೆ ಯಾವ್ಯಾವು ಅಂತ ಕೇಳ್ತಾರೆ. ಹನ್ನೆರಡೂ ನೆನಪಿದ್ರೂ ಎಂಟು ಹೇಳು. ಕೆಂಪು ಚೌಕ ಬಂದ ತಕ್ಷಣ ಗುಂಡಿ ಒತ್ತು ಅಂತಾರೆ. ನೀನು ಮನಸ್ಸಲ್ಲೇ 'ಒಂದು' ಅಂದ್ಕೊಂಡು ಆಮೇಲೆ ಒತ್ತು. ತೀರಾ ಕೆಟ್ಟದಾಗಿ ಮಾಡ್ಬೇಡ, ಮೆಷಿನ್‌ಗೆ ಗೊತ್ತಾಗ್ಬಿಡುತ್ತೆ."

"ಯಾಕೆ ಹಂಗೆ?"

"ಅಕ್ಟೋಬರ್‌ನಲ್ಲಿ ಯಾವನೋ ನಿನ್ನ ತಲೆಗೆ ಗುದ್ದಿದ್ಮೇಲೆ ಇದೇ ಪರೀಕ್ಷೆ ಮತ್ತೆ ಕೊಡ್ತಾರೆ. ಆಗಿನ ಅಂಕ ಈಗಿನದಕ್ಕೆ ಸಮ ಬಂದ್ರೆ ಆಡು ಅಂತಾರೆ, ಕಮ್ಮಿ ಬಂದ್ರೆ ಕೂರಿಸ್ತಾರೆ. ಈಗ ಜಾಣತನ ತೋರಿಸಿದ್ರೆ ಆಗ ಸಿಕ್ಕಿಹಾಕ್ಕೋತೀಯ."

"ಡಾಲ್ಟನ್‌ಗೆ ಇದೆಲ್ಲ ಬೇಡ ಬಿಡು ಮಗಾ" ಎಂದ ಪಕ್ಕದವನು. "ಅವನು ನಿಯತ್ತಾಗಿ ಬರೆದ್ರೂ ಅಷ್ಟೇ ಬರೋದು."

ನಾನು ರೋಲ್‌ಗಳ ಟ್ರೇ ಹಿಡಿದು ಅಲ್ಲೇ ನಿಂತಿದ್ದೆ. "ದಡ್ಡರಾಗೋಕೂ ಟ್ಯೂಷನ್ ಬೇಕೇನ್ರೋ ನಿಮಗೆ" ಎಂದು ನಗುತ್ತ ಡಾಲ್ಟನ್ ತಟ್ಟೆಗೆ ಇನ್ನೊಂದು ರೋಲ್ ಹಾಕಿದೆ.

ಒಂದೊಂದು ಮಾತನ್ನೂ ಕೇಳಿಸಿಕೊಂಡಿದ್ದೆ. ಅದು ಗುಟ್ಟೂ ಆಗಿರಲಿಲ್ಲ. ಹೆದ್ದಾರಿಯಲ್ಲಿ ಎಲ್ಲರೂ ಹತ್ತು ಮೈಲಿ ಜಾಸ್ತಿ ಓಡಿಸುವ ಹಾಗೆ, ಎಲ್ಲರೂ ಮಾಡುತ್ತಿದ್ದ ಒಂದು ಚಿಕ್ಕ ಮೋಸ.

ಟಾಲ್ಮನ್ ತಂಡ ಅದಾಗಲೇ ಎರಡು ವರ್ಷದಿಂದ ಒಂದೂ ಪಂದ್ಯ ಗೆದ್ದಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ನಾಲ್ಕು ಪಂದ್ಯ ಸೋತರು. ಮೊದಲನೆಯದರಲ್ಲಿ ಸ್ವಲ್ಪದರಲ್ಲಿ, ಉಳಿದವುಗಳಲ್ಲಿ ನೋಡಲಾಗದಷ್ಟು. ಆಟದ ನಾಲ್ಕು ಭಾಗಗಳಲ್ಲಿ ಮೂರನೆಯದು ಮುಗಿಯುವ ಹೊತ್ತಿಗೆ ಮೈದಾನದ ಮೆಟ್ಟಿಲುಗಳಲ್ಲಿ ನಾವು ತಾಯಂದಿರು, ಕೆಲವು ಅಪ್ಪಂದಿರು, ಸುಮ್ಮನೆ ಗೇಲಿ ಮಾಡಲು ಉಳಿದ ನಾಲ್ಕಾರು ಮುದುಕರು ಇಷ್ಟೇ ಜನ. ನನ್ನ ಪಕ್ಕ ಯಾವಾಗಲೂ ಜೋಲೀನ್ ಕೂರುತ್ತಿದ್ದಳು. ಟ್ರೆಂಟ್ ಚೆಂಡು ಕೊಡುತ್ತಿದ್ದುದು ಅವಳ ಮಗನ ಕೈಗೆ. ನಾಲ್ಕು ವರ್ಷದಿಂದ ಒಂದೇ ಕಂಬಳಿಯನ್ನು ನಮ್ಮಿಬ್ಬರ ಮೊಣಕಾಲ ಮೇಲೆ ಹೊದ್ದುಕೊಂಡು ಸೋಲು ನೋಡಿದವರು ನಾವು.

ಟ್ರೆಂಟ್‌ಗೆ ಜನವರಿಯಿಂದ ನಮ್ಮೂರ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವ ತರಬೇತಿ ನಿಗದಿಯಾಗಿತ್ತು. ತನಗೆ ಕಲಿಸಿದ ಮೇಷ್ಟ್ರ ಕೈಕೆಳಗೇ. ಅದಕ್ಕೆ ಮುಂಚೆ ಒಂದೇ ಒಂದು ಪಂದ್ಯ ಗೆಲ್ಲಬೇಕು ಎನ್ನುತ್ತಿದ್ದ. "ಒಂದು ಸಾಕಮ್ಮ. ಅದೂ ನಮ್ಮೂರಲ್ಲಿ."

ಐದನೆಯ ಪಂದ್ಯ, ಹಳೆಯ ವಿದ್ಯಾರ್ಥಿಗಳೆಲ್ಲ ಬರುವ ವಾರ. ಅವತ್ತು ಜನ ಇದ್ದರು. ಎರಡನೆಯ ಭಾಗದಲ್ಲಿ ಗುಂಪಿನ ಅಡಿಗೆ ಬಿದ್ದ ಟ್ರೆಂಟ್‌ನ ಹೆಲ್ಮೆಟ್‌ಗೆ ಯಾರದೋ ಮೊಣಕಾಲು ಬಡಿಯಿತು. ಸದ್ದೇನೂ ನಮಗೆ ಕೇಳಿಸಲಿಲ್ಲ. ಅವನು ಎದ್ದ. ಎದ್ದು ನೆಟ್ಟಗೆ ನಡೆದು, ಎದುರು ತಂಡದವರು ತಲೆ ಕೂಡಿಸಿ ನಿಂತಿದ್ದ ಗುಂಪಿಗೆ ಹೋಗಿ ಸೇರಿಕೊಂಡ.

"ಆ ಕಡೆ ಸೇರ್ಕೊಂಡ್ರೆ ಗೆಲ್ತೀಯ ಬಿಡಪ್ಪ, ಜಾಣ" ಎಂದು ಹಿಂದಿನ ಸಾಲಿನ ಮುದುಕನೊಬ್ಬ ಕೂಗಿದ. ಜನ ನಕ್ಕರು. ಜೋಲೀನ್ ಕಂಬಳಿಯ ಅಡಿಯಲ್ಲಿ ನನ್ನ ಕೈ ಹಿಡಿದುಕೊಂಡಳು.

ತಂಡದ ಆರೈಕೆ ನೋಡಿಕೊಳ್ಳುವ ಇಂಗ್ರಿಡ್ ಓಡಿಬಂದು ಅವನನ್ನು ಕರೆದುಕೊಂಡು ಹೋಗಿ ಬೆಂಚಿನಲ್ಲಿ ಕೂರಿಸಿದಳು. ಆ ಪಂದ್ಯವನ್ನೂ ಸೋತೆವು.

ಭಾನುವಾರ ಅವನು ಕಾಲೇಜಿನ ಕೋಣೆಯಿಂದ ಮನೆಗೆ ಊಟಕ್ಕೆ ಬರಬೇಕಿತ್ತು. ಕಾರು ಬಂದ ಸದ್ದಾಗಿ ಎಷ್ಟೋ ಹೊತ್ತಾದರೂ ಒಳಗೆ ಬರಲಿಲ್ಲ. ನಾನು ಕೈ ಒರೆಸಿಕೊಂಡು ಹೊರಗೆ ಹೋದೆ. ಇಂಜಿನ್ ಓಡುತ್ತಿತ್ತು, ಅವನು ಸ್ಟೀರಿಂಗ್ ಹಿಡಿದು ಕೂತಿದ್ದ.

"ಯಾಕೋ, ಇಲ್ಲೇ ಕೂತಿದ್ದೀಯ?"

"ಅಮ್ಮ, ನಾನು ಈಗ ಬಂದೆನಾ, ಹೊರಟೆನಾ?"

"ಬಂದೆ ಕಣೋ. ಊಟಕ್ಕೆ ಬಂದೆ."

"ಸರಿ" ಎಂದು ಇಂಜಿನ್ ಆರಿಸಿದ. ಊಟದ ಮನೆಯ ಕಿಟಕಿಗೆ ಪರದೆ ಎಳೆಯಲು ಹೇಳಿದ. ರಾಯ್ಸ್ ಎದ್ದು ಪರದೆ ಎಳೆದ.

ಮಾರನೆಯ ದಿನ ಇಂಗ್ರಿಡ್ ಆ ತಲೆ ಪರೀಕ್ಷೆಯನ್ನೇ ಮತ್ತೆ ಮಾಡಿದಳು. ಸಂಜೆ ಟ್ರೆಂಟ್ ಮನೆಗೆ ಬಂದಾಗ ನಾನು ಬಟ್ಟೆ ಮಡಿಸುತ್ತಿದ್ದೆ.

"ಪಾಸ್. ಆಗಸ್ಟ್‌ನಲ್ಲಿ ಬಂದಷ್ಟೇ ಬಂತು. ಇನ್ನೆರಡು ದಿನ ರೆಸ್ಟ್ ತಗೊಂಡು ಆಡ್ಬಹುದಂತೆ."

"ಇವತ್ತೂ ಬೇಕಂತ ತಪ್ಪು ಮಾಡಿದ್ಯಾ?"

ಅವನು ಒಂದು ಜೊತೆ ಕಾಲುಚೀಲ ಎತ್ತಿಕೊಂಡು, ಒಂದರೊಳಗೊಂದು ಸೇರಿಸಿ ಮಡಿಸಿದ.

"ಇಲ್ಲಮ್ಮ. ಇವತ್ತು ಪೂರ್ತಿ ಪ್ರಯತ್ನಪಟ್ಟೆ."

ಕಾಲುಚೀಲಗಳು ಒಂದಕ್ಕೊಂದು ಜೊತೆಯಾಗಿರಲಿಲ್ಲ. ನಾನು ಅವನ ಕೈಯಿಂದ ತೆಗೆದುಕೊಂಡೆ.

"ಇಂಗ್ರಿಡ್‌ಗೆ ಹೇಳೋಣ."

"ಬೇಡ. ಅಮ್ಮ, ಪ್ಲೀಸ್. ಇನ್ನು ಐದೇ ಪಂದ್ಯ. ನಾನು ಕೂತ್ರೆ ನಡುವೆ ನಿಲ್ಲೋಕೆ ಡಾಲ್ಟನ್ ಬಿಟ್ರೆ ಯಾರಿದ್ದಾರೆ? ಅವನಿಗೆ ಬಲಗೈ ಎಡಗೈ ಗೊತ್ತಿಲ್ಲ. ಜೋಲೀನ್ ಆಂಟಿ ಮಗನನ್ನ ತುಳಿದು ಹಾಕ್ಬಿಡ್ತಾರೆ."

ಅವನು ಹೋದ ಮೇಲೆ ರಾಯ್ಸ್‌ಗೆ ಹೇಳಿದೆ. ಧಾನ್ಯದ ಗೋದಾಮಿನಲ್ಲಿ ಕೊಯ್ಲಿನ ಕಾಲದ ಕೆಲಸ. ಅವನ ಹುಬ್ಬಿನ ತುಂಬ ಜೋಳದ ಧೂಳು.

"ನನಗೂ ಎಷ್ಟು ಸಲ ಬಿದ್ದಿಲ್ಲ ಏಟು. ಏನಾಗಿದೆ ನನಗೆ?" ಎಂದ.

ನಾನು ಒರೆಸಿಕೊಳ್ಳಲು ಟವೆಲ್ ಚಾಚಿದೆ.

"ಏನಾಗಿದೆ ಅಂತ ಹೇಳೇ ಮಾರ್ಲಾ."

"ಏನೂ ಆಗಿಲ್ಲ."

"ಐದು ವಾರ. ಆಮೇಲೆ ಜೀವನಪೂರ್ತಿ ಬೋರ್ಡಿನ ಮುಂದೆ ನಿಂತ್ಕೊಂಡಿರ್ತಾನೆ. ಈಗ ಅವನ ತಂಡದ ಮುಂದೆ ಅವನ ಮರ್ಯಾದೆ ತೆಗಿಬೇಡ."

ನಾನು ಸುಮ್ಮನಿದ್ದೆ. ಸುಮ್ಮನಿರುವುದು ಕಷ್ಟವೇನೂ ಆಗಲಿಲ್ಲ. ಬೆಳಿಗ್ಗೆ ಶಾಲೆಯ ಅಡುಗೆಮನೆ, ಮಧ್ಯಾಹ್ನ ಮುನ್ನೂರು ಮಕ್ಕಳ ತಟ್ಟೆ, ಸಂಜೆ ಮನೆ. ಕೆಲಸದ ನಡುವೆ ಒಂದು ಮಾತನ್ನು ನಾಳೆಗೆ ಎತ್ತಿಡುವುದು ಹೆಂಗಸರಿಗೆ ಚೆನ್ನಾಗಿ ಬರುತ್ತದೆ. ಅವನು ಸ್ವಲ್ಪ ಸುಧಾರಿಸಿದ್ದಾನೆ ಎಂದು ಒಂದು ದಿನ ಅನಿಸುತ್ತಿತ್ತು. ಮರುದಿನ ಬೇರೆ ಥರ ಅನಿಸುತ್ತಿತ್ತು. ಮತ್ತೆ ಎರಡು ಪಂದ್ಯ ಸೋತರು.

ಅದರ ಮುಂದಿನ ಗುರುವಾರ, ಊಟಕ್ಕೆ ಮುಂಚೆ ಕ್ಯಾಪ್ಟನ್ ಎದ್ದು ನಿಂತು ಪ್ರಾರ್ಥನೆ ಹೇಳಿದ. ನಾಲ್ಕು ಸಾಲಿನ ಪ್ರಾರ್ಥನೆ, ಅವನಿಗೆ ಮೂರು ವರ್ಷವಾಗಿದ್ದಾಗ ನಾನೇ ಬಾಯಿಪಾಠ ಮಾಡಿಸಿದ್ದು. ಎರಡು ಸಾಲು ಹೇಳಿ ನಿಲ್ಲಿಸಿದ. ಮತ್ತೆ ಮೊದಲಿನಿಂದ ಶುರುಮಾಡಿ ಅಲ್ಲೇ ನಿಲ್ಲಿಸಿದ.

"ಬೇಗ ಮುಗಿಸೋ, ದೇವರಿಗೂ ಹಸಿವಾಗುತ್ತೆ" ಎಂದ ಯಾರೋ. ಹುಡುಗರು ಗೊಳ್ಳೆಂದು ನಕ್ಕರು. ಟ್ರೆಂಟ್ ಕೂಡ ನಕ್ಕ. ತಾನೇ ತಮಾಷೆ ಮಾಡಿದವನಂತೆ ಕೈಮುಗಿದು "ಆಮೆನ್" ಎಂದು ಕೂತ. ಅವನ ಕಣ್ಣು ಮಾತ್ರ ಮೇಜುಗಳನ್ನು ದಾಟಿ ನನ್ನನ್ನು ಹುಡುಕಿತು. ನಾನು ಪಾತ್ರೆಯ ಕಡೆ ತಿರುಗಿದೆ.

ಅದಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ. ಅವನು ನನ್ನನ್ನು ನೋಡಿದ, ನಾನು ಚಿಲ್ಲಿ ತಿರುವಿದೆ.

ಆ ಶನಿವಾರದ್ದು ಎಂಟನೆಯ ಪಂದ್ಯ, ಪರ ಊರಿನಲ್ಲಿ. ಟ್ರೆಂಟ್‌ಗೆ ಹೊಸದಾಗಿ ದೊಡ್ಡ ಏಟೇನೂ ಬೀಳಲಿಲ್ಲ. ಪ್ರತಿ ಸಲ ಬೀಳುವ ಏಟುಗಳೇ. ಆದರೆ ಚೆಂಡನ್ನು ಎರಡನೆಯ ಎಣಿಕೆಗೆ ಕೊಡಬೇಕಾದಾಗ ಮೊದಲನೆಯದಕ್ಕೇ ಕೊಟ್ಟುಬಿಟ್ಟ. ಚೆಂಡು ಜೋಲೀನ್ ಮಗನ ಕೈ ತಪ್ಪಿ ಉರುಳಿತು, ತಂಡ ಐದು ಗಜ ಹಿಂದೆ ಸರಿಯಬೇಕಾಯಿತು. ಮತ್ತೆ ಹಾಗೇ. ಮೂರನೆಯ ಸಲ ಚೆಂಡನ್ನು ಕೊಡಲೇ ಇಲ್ಲ. ಎಲ್ಲರೂ ಎದ್ದು ನುಗ್ಗಿದರೂ ಅವನೊಬ್ಬನೇ ಬಾಗಿಕೊಂಡು, ನೆಲದ ಮೇಲೆ ಚೆಂಡು ಹಿಡಿದು, ಏನನ್ನೋ ಕಾಯುತ್ತಿದ್ದ.

"ಮೇಷ್ಟ್ರಾಗ್ತೀಯಂತಲ್ಲೋ ವಿಸರ್" ಎಂದು ನಮ್ಮ ಕಡೆಯವನೇ ಒಬ್ಬ ಕೂಗಿದ. "ಮೊದ್ಲು ಎರಡರ ತನಕ ಎಣಿಸೋದು ಕಲ್ತ್ಕೊ."

ರಾಯ್ಸ್ ಆ ಕಡೆ ತಿರುಗಲಿಲ್ಲ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತ. ಮನೆಗೆ ಬರುವ ಎರಡು ಗಂಟೆಯ ದಾರಿಯಲ್ಲಿ ಅವನು ಆಡಿದ್ದು ಒಂದೇ ಮಾತು. "ಹೇಳ್ಬಿಡು."

ಸೋಮವಾರ ಮಕ್ಕಳ ಊಟ ಮುಗಿಸಿ, ಏಪ್ರನ್ ಸಹ ಬಿಚ್ಚದೆ, ಕಾಲೇಜಿಗೆ ಹೋದೆ. ಇಂಗ್ರಿಡ್ ಯಾರದೋ ಮೊಣಕಾಲಿಗೆ ಪಟ್ಟಿ ಸುತ್ತುತ್ತಿದ್ದಳು. ಆ ಹುಡುಗ ಹೋದ ಮೇಲೆ ಎಲ್ಲ ಹೇಳಿದೆ. ಹನ್ನೆರಡು ಪದ, ಎಂಟು ಉತ್ತರ, ಕೆಂಪು ಚೌಕ.

ಅವಳು ಪಟ್ಟಿಯ ಸುರುಳಿಯನ್ನು ಕೆಳಗಿಟ್ಟಳು. "ಯಾವಾಗಿಂದ ಗೊತ್ತು ನಿಮಗೆ?"

"ಆಗಸ್ಟ್‌ನಿಂದ."

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು. "ನಾನೇ ಅವನನ್ನ ಆಟಕ್ಕೆ ವಾಪಸ್ ಕಳಿಸಿದೆ, ಮಿಸೆಸ್ ವಿಸರ್" ಎಂದಳು. "ಎರಡೂ ಕಾಗದ ಪಕ್ಕಪಕ್ಕ ಇಟ್ಕೊಂಡು, ಸಮ ಬಂದಿದೆ ಅಂತ ಖುಷಿಪಟ್ಟು ಕಳಿಸಿದೆ."

ಅವತ್ತು ಸಂಜೆ ಕೋಚ್ ಹುಡುಗರನ್ನೆಲ್ಲ ಕೂರಿಸಿ, ಆಗಸ್ಟ್‌ನ ಪರೀಕ್ಷೆಯಲ್ಲಿ ಬೇಕೆಂದೇ ತಪ್ಪು ಮಾಡಿದವರು ಕೈಯೆತ್ತಿ ಎಂದರಂತೆ. ಬಹಳ ಹೊತ್ತು ಯಾರೂ ಎತ್ತಲಿಲ್ಲ. ಆಮೇಲೆ ಡಾಲ್ಟನ್ ಎತ್ತಿದ. ಒಬ್ಬರನ್ನು ನೋಡಿ ಒಬ್ಬರು ಒಟ್ಟು ಮೂವತ್ತೆಂಟು ಹುಡುಗರು ಎತ್ತಿದರು. ಕೋಚ್ ಎಣಿಸಿ, "ಸಾಕು, ಇಳಿಸಿ" ಎಂದು ಹೊರಗೆ ಹೋಗಿಬಿಟ್ಟರಂತೆ. ಹೊಸದಾಗಿ ಪರೀಕ್ಷೆ ಆಗುವವರೆಗೆ ಅವರಲ್ಲಿ ಯಾರೂ ಮೈದಾನಕ್ಕೆ ಇಳಿಯುವಂತಿರಲಿಲ್ಲ, ಅದಕ್ಕೆ ವಾರಗಳೇ ಬೇಕಿತ್ತು. ಉಳಿದ ಹದಿನಾಲ್ಕು ಜನರಿಂದ ತಂಡ ಕಟ್ಟಲಾಗುವುದಿಲ್ಲ. ಬುಧವಾರ ಕಾಲೇಜು ಉಳಿದ ಎರಡೂ ಪಂದ್ಯಗಳನ್ನು ರದ್ದು ಮಾಡಿತು. ಅವೆರಡೂ ನಮ್ಮೂರಿನಲ್ಲೇ ಇದ್ದವು.

ಗುರುವಾರ ನಾನು ಎಂದಿನಂತೆ ಚರ್ಚಿನ ನೆಲಮಾಳಿಗೆಗೆ ಹೋದೆ. ಊಟ ಇಲ್ಲವೆಂದು ಯಾರೂ ಹೇಳಿರಲಿಲ್ಲ. ಯಾರೂ ಬರಲಿಲ್ಲ. ಏಳು ಗಂಟೆಯ ಹೊತ್ತಿಗೆ ಜೋಲೀನ್ ತನ್ನ ಪಾತ್ರೆಗಳನ್ನು ತೆಗೆದುಕೊಂಡು ಹೋಗಲು ಬಂದಳು.

"ನನ್ನ ಮಗನ ಕೊನೇ ಪಂದ್ಯ ಕಣೇ ಅದು" ಎಂದಳು, ನನ್ನ ಕಡೆ ನೋಡದೆ. "ಅವನು ಇನ್ನು ಯಾವತ್ತೂ ಆಡಲ್ಲ. ನೀನು ಆಗಸ್ಟ್‌ನಲ್ಲೇ ಹೇಳಿದ್ರೆ ಅದು ಒಂದು ಮಾತು. ಹೇಳ್ದೇನೇ ಇದ್ದಿದ್ರೂ ಒಂದು ಮಾತು."

"ನಿನಗೂ ಗೊತ್ತಿತ್ತಲ್ಲ ಜೋಲೀನ್."

"ಗೊತ್ತಿತ್ತು. ನಾನು ಸುಮ್ನಿದ್ದೆ. ಕೊನೇ ತನಕ ಸುಮ್ನಿದ್ದೆ." ಪಾತ್ರೆಗಳನ್ನು ಒಂದರ ಮೇಲೊಂದು ಪೇರಿಸಿ ಎತ್ತಿಕೊಂಡಳು. ಬಾಗಿಲು ತೆಗೆಯಲು ಹೋದೆ. ಮೊಣಕೈಯಿಂದ ತಾನೇ ತಳ್ಳಿಕೊಂಡು ಹೋದಳು.

ಟ್ರೆಂಟ್ ಕಾಲೇಜಿನ ಕೋಣೆ ಬಿಟ್ಟು ಮನೆಗೆ ಬಂದ. ಬೆಳಕು ತಡೆಯುತ್ತಿರಲಿಲ್ಲ, ಪಾತ್ರೆಯ ಸದ್ದು ತಡೆಯುತ್ತಿರಲಿಲ್ಲ. ನಾನು ಒಂದೊಂದು ಚಮಚವನ್ನೂ ಬಟ್ಟೆಯ ಮೇಲಿಡುವುದನ್ನು ಕಲಿತೆ. ನನ್ನ ಮೇಲೆ ಕೂಗಾಡುತ್ತಾನೆಂದು ಕಾದೆ. ಒಂಬತ್ತು ದಿನ ಒಂದು ಮಾತೂ ಆಡಲಿಲ್ಲ. ಹತ್ತನೆಯ ದಿನ, ಸೂಪಿನ ಬಟ್ಟಲು ಎತ್ತಲು ಹೋದಾಗ ಹೇಳಿದ.

"ಅವರಿಗೆಲ್ಲ ನಾನೇ ಹೇಳ್ಕೊಟ್ಟಿದ್ದಮ್ಮ. ಡಾಲ್ಟನ್‌ಗೂ ನಾನೇ. ಅವನಿಗೂ ಏನಾದ್ರೂ ಆಗಿದ್ರೆ?"

"ಅವನು ಚೆನ್ನಾಗಿದ್ದಾನೆ."

"ಚೆನ್ನಾಗಿದ್ದಾನೆ ಅಂತ ಹೇಗೆ ಗೊತ್ತಾಗುತ್ತೆ?"

ನಾನು ಬಟ್ಟಲನ್ನು ಬಟ್ಟೆಯ ಮೇಲಿಟ್ಟೆ.

ಹೈಸ್ಕೂಲಿನ ಗಣಿತದ ಮೇಷ್ಟ್ರು ಮನೆಗೇ ಬಂದು ಅವನ ಪಕ್ಕ ಅರ್ಧ ಗಂಟೆ ಕೂತರು. ಹೋಗುವಾಗ ಹೊರಬಾಗಿಲಲ್ಲಿ ನಿಂತು, ತರಬೇತಿಯನ್ನು ಮುಂದಿನ ವರ್ಷ ನೋಡೋಣ ಎಂದರು. ಒಳ್ಳೆಯ ಮನುಷ್ಯ. ಮುಂದಿನ ವರ್ಷ ಎನ್ನುವಾಗ ನೆಲ ನೋಡುತ್ತಿದ್ದರು.

ನವೆಂಬರ್ ಕೊನೆಯಲ್ಲಿ ಡೆ ಮೊಯಿನ್ ನಗರದ ದೊಡ್ಡ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಕೊಯ್ದು ಬೋಳಾದ ಜೋಳದ ಹೊಲ. ಟ್ರೆಂಟ್ ಹಿಂದಿನ ಸೀಟಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಮಲಗಿದ್ದ. ಡಾಕ್ಟರ್ ನನ್ನ ವಯಸ್ಸಿನ ಹೆಂಗಸು. ತಲೆಯ ಸ್ಕ್ಯಾನ್ ಚಿತ್ರಗಳನ್ನೆಲ್ಲ ತೆಗೆದು, ಅವನನ್ನು ನಡೆಸಿ, ಕೂರಿಸಿ, ನೂರರಿಂದ ಏಳೇಳು ಕಳೆಯುತ್ತ ಬಾ ಎಂದರು. ತೊಂಬತ್ತಮೂರು ಎಂದ. ಎಂಬತ್ತಾರು ಎಂದ. ಆಮೇಲೆ ಯಾವ ಸಂಖ್ಯೆಯಲ್ಲಿದ್ದೆ ಎಂದು ಅವರನ್ನೇ ಕೇಳಿದ.

"ಏಟು ಬಿದ್ಮೇಲೆ ಎಷ್ಟು ವಾರ ಆಡಿದ?" ಎಂದು ಡಾಕ್ಟರ್ ಕೇಳಿದರು.

"ಮೂರು" ಎಂದ ರಾಯ್ಸ್.

"ಸ್ವಲ್ಪ ವಾಪಸ್ ಬರಬಹುದು. ಎಷ್ಟು ಅಂತ ಹೇಳೋದು ಕಷ್ಟ. ಎಷ್ಟು ಹೋಗಿದೆ ಅನ್ನೋದೇ ನನಗೆ ಗೊತ್ತಿಲ್ಲ." ಅವರು ಆಗಸ್ಟ್‌ನ ಕಾಗದವನ್ನು ಪಕ್ಕಕ್ಕೆ ಸರಿಸಿದರು. "ಇದು ಕೆಲಸಕ್ಕೆ ಬರಲ್ಲ. ಅವನು ನಿಜವಾಗಿ ಹೇಗಿದ್ದ ಅಂತ ಅಳತೆ ಮಾಡಿದ್ದು ಎಲ್ಲೂ ಇಲ್ಲ. ಹಾಗಾಗಿ ನೀವೇ ಹೇಳ್ಬೇಕು. ಮೊದಲು ಹೇಗಿದ್ದ?"

ರಾಯ್ಸ್ ನನ್ನ ಕಡೆ ನೋಡಿದ.

ಗೇಟಿನಲ್ಲಿ ಗೂಡ್ಸ್ ರೈಲು ಹೋಗುವಾಗ ಒಂದೊಂದು ಡಬ್ಬಿಯ ಮೇಲಿನ ನಂಬರನ್ನೂ ಓದಿ ಕೂಡುತ್ತಿದ್ದ ಎಂದೆ, ಆಗ ಅವನಿಗೆ ಏಳು ವರ್ಷ. ಯಾರ ಹುಟ್ಟಿದ ದಿನ ಹೇಳಿದರೂ ಅದು ಯಾವ ವಾರವಾಗಿತ್ತು ಎಂದು ಹೇಳುತ್ತಿದ್ದ. ನನ್ನ ತಮ್ಮನ ಹೆಂಡತಿ ಮನೆಗೆ ಬಂದು ಅತ್ತು ಹೋದರೆ, ಯಾಕೆ ಎಂದು ನಮಗೆ ತಿಳಿಯುವ ಮುಂಚೆ ಅವನಿಗೆ ತಿಳಿದಿರುತ್ತಿತ್ತು. ತಾನು ಮಾತಾಡುವುದನ್ನು ನಿಲ್ಲಿಸಿ, ಎದುರಿನವರ ಮಾತು ಮುಗಿಯುವ ತನಕ ಕಾಯುತ್ತಿದ್ದ.

ಡಾಕ್ಟರ್ ಬರೆದುಕೊಳ್ಳುತ್ತಿದ್ದರು. ಟ್ರೆಂಟ್ ಕನ್ನಡಕ ತೆಗೆದಿದ್ದ. ಪಕ್ಕದ ಮನೆಯ ಯಾರದೋ ವಿಷಯ ಕೇಳುವ ಹಾಗೆ ಆಸಕ್ತಿಯಿಂದ ಕೇಳುತ್ತಿದ್ದ.

"ರೈಲಿನ ನಂಬರ್ ಕೂಡ್ತಿದ್ನಾ ನಾನು?"

"ಹೂಂ ಕಣೋ. ನೂರು ಡಬ್ಬಿ ಇದ್ರೂ."

"ಇನ್ನೊಂದು ಹೇಳು."

ಹೇಳಿದೆ. ಇನ್ನೊಂದು ಎಂದ. ಅದನ್ನೂ ಹೇಳಿದೆ. ಹೇಳುತ್ತ ಹೋದಂತೆ ತಿಳಿಯಿತು, ನನ್ನ ಹತ್ತಿರ ಇದ್ದುದೆಲ್ಲ ಹೊರಗಿನಿಂದ ಕಂಡದ್ದು, ಬಾಗಿಲಲ್ಲಿ ನಿಂತ ತಾಯಿಗೆ ಕಾಣುವಷ್ಟು. ಒಳಗೆ ಏನೇನಿತ್ತು, ಆ ಸಂಖ್ಯೆಗಳನ್ನು ಅವನು ಯಾವ ಖುಷಿಗೆ ಕೂಡುತ್ತಿದ್ದ, ಅದು ಅವನೊಬ್ಬನಿಗೇ ಗೊತ್ತಿದ್ದುದು. ಅದನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ಇನ್ನೇನಾದ್ರೂ?" ಎಂದರು ಡಾಕ್ಟರ್. ಅವರ ಹಾಳೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿಯಿತ್ತು.

ಟ್ರೆಂಟ್ ನನ್ನ ಮುಖ ನೋಡುತ್ತ ಕಾಯುತ್ತಿದ್ದ.

"ಇಷ್ಟೇ" ಎಂದೆ. "ನನಗೆ ಗೊತ್ತಿರೋದು ಇಷ್ಟೇ."